ಹಲವು ಕೈಗಳ ಬರಹಕ್ಕೆ ಮೀಡಿಯಾವಿಕಿ: ಚಿತ್ರದುರ್ಗದಿಂದ ಒಂದು ವಿಮರ್ಶೆ

ಚಿತ್ರದುರ್ಗದ ಹೊಂಡ, ಬತೇರಿ, ಗುಡಿ, ಶಾಸನಗಳ ವಿವರವನ್ನು ಒಂದೆಡೆ ಕೂಡಿಸಿ ಬರೆಯಲೆಂದು ಊರಿನ ಕೆಲವು ಅಧ್ಯಾಪಕರು, ನಿವೃತ್ತ ನೌಕರರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ ನಮ್ಮ ಬಳಗವು ಮೀಡಿಯಾವಿಕಿ ತಂತ್ರಾಂಶವನ್ನು ಬಾಡಿಗೆಯ ಸರ್ವರಿನಲ್ಲಿ ಹಾಕಿಕೊಂಡು ಬಳಸುತ್ತಿದೆ. ವಿಕಿಪೀಡಿಯ ನಡೆಯುವುದೂ ಇದೇ ತಂತ್ರಾಂಶದ ಮೇಲೆ. ಇದು ಮುಕ್ತ ತಂತ್ರಾಂಶ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಮತ್ತು ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಮೈಎಸ್‌ಕ್ಯುಎಲ್ ಅಥವಾ ಮರಿಯಾಡಿಬಿ ಡೇಟಾಬೇಸ್ ಇರುವ ಸಾಧಾರಣ ಸರ್ವರ್ ಸಾಕಾಗುವುದರಿಂದ, ಖರ್ಚೆಂದರೆ ಆ ಬಾಡಿಗೆ ಮಾತ್ರ. ಹಾಗೆಂದು ಕೂಡಿ ಬರೆಯಹೊರಟ ಎಲ್ಲರಿಗೂ ಇದನ್ನು ಸೂಚಿಸಲಾರೆ.

ಮೊದಲು ನಮ್ಮಲ್ಲಿ ಒಂದು ವರ್ಡ್ ಕಡತ ಒಬ್ಬರಿಂದೊಬ್ಬರಿಗೆ ಸುತ್ತುತ್ತಿತ್ತು. ಯಾರ ಬಳಿ ಇರುವುದು ಕೊನೆಯ ಪ್ರತಿ, ಯಾವ ಸಾಲನ್ನು ಯಾರು ತೆಗೆದರು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಮೀಡಿಯಾವಿಕಿಯಲ್ಲಿ ಪುಟದ ಹೆಸರು ಡೇಟಾಬೇಸಿನ ಒಂದು ಕೋಷ್ಟಕದಲ್ಲಿದ್ದರೆ, ಆ ಪುಟದ ಆವೃತ್ತಿಗಳು ಇನ್ನೊಂದು ಕೋಷ್ಟಕದಲ್ಲಿರುತ್ತವೆ. ಉಳಿಸಿದಾಗಲೆಲ್ಲ ಅಲ್ಲಿ ಹೊಸ ಸಾಲೊಂದು ಸೇರುತ್ತದೆ. ಯಾರು, ಯಾವಾಗ, ಯಾವ ಕಾರಣ ಕೊಟ್ಟು ತಿದ್ದಿದರು ಎಂಬುದೂ ಅದರೊಡನೆ ದಾಖಲಾಗುತ್ತದೆ. ಹಳೆಯ ಸಾಲು ಇದ್ದ ಹಾಗೆಯೇ ಇರುತ್ತದೆ. ಚಂದ್ರವಳ್ಳಿಯ ಶಾಸನದ ಪುಟದಲ್ಲಿ ಒಬ್ಬರು ‘ಮಯೂರಶರ್ಮ’ ಎಂದು ಬರೆದುದನ್ನು ಇನ್ನೊಬ್ಬರು ‘ಮಯೂರವರ್ಮ’ ಎಂದು ಬದಲಾಯಿಸಿದರೆ, ಎರಡು ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡಬಹುದು, ಬೇಕೆಂದರೆ ಒಂದೇ ಕ್ಲಿಕ್ಕಿನಲ್ಲಿ ಹಿಂದಿನದಕ್ಕೆ ಮರಳಬಹುದು. ಆ ಶಾಸನದ ಪಾಠದ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲದಿರುವಾಗ ನಮ್ಮಂಥವರಿಗೆ ಈ ಅನುಕೂಲ ಚಿಕ್ಕದಲ್ಲ. ಕೆಡಿಸಿದ್ದನ್ನು ಸರಿಪಡಿಸುವುದು ಕೆಡಿಸುವುದಕ್ಕಿಂತ ಸುಲಭವಾದದ್ದರಿಂದಲೇ, ಪರಿಚಯವಿಲ್ಲದ ವಿದ್ಯಾರ್ಥಿಗೂ ನಾವು ಧೈರ್ಯವಾಗಿ ಬರೆಯುವ ಹಕ್ಕು ಕೊಟ್ಟಿದ್ದೇವೆ. ಪುಟವನ್ನೇ ಅಳಿಸಿದರೂ ಅದು ಬೇರೊಂದು ಕೋಷ್ಟಕಕ್ಕೆ ಹೋಗುತ್ತದೆ. ನಿರ್ವಾಹಕರು ಅದನ್ನು ಮರಳಿ ತರಬಹುದು.

ಆವೃತ್ತಿಗಳನ್ನು ಹೀಗೆ ಡೇಟಾಬೇಸಿನಲ್ಲಿ ಇಡುವ ಗುಣ ವಿಕಿಪೀಡಿಯಕ್ಕೆ ಹುಟ್ಟಿನಿಂದ ಬಂದದ್ದಲ್ಲ. 2001ರ ಜನವರಿಯಲ್ಲಿ ಅದು ಆರಂಭವಾದಾಗ ಬಳಸಿದ ಯೂಸ್‌ಮಾಡ್‌ವಿಕಿ ಎಂಬ, ಪರ್ಲ್ ಭಾಷೆಯಲ್ಲಿ ಬರೆದ ತಂತ್ರಾಂಶವು ಪುಟಗಳನ್ನು ಬಿಡಿ ಕಡತಗಳಲ್ಲಿ ಇಡುತ್ತಿತ್ತು. ಜರ್ಮನಿಯ ಮ್ಯಾಗ್ನಸ್ ಮ್ಯಾನ್‌ಸ್ಕೆ ಬರೆದ, ಮೈಎಸ್‌ಕ್ಯುಎಲ್ ಆಧಾರಿತ ತಂತ್ರಾಂಶ 2002ರ ಜನವರಿಯಲ್ಲಿ ಅದರ ಜಾಗಕ್ಕೆ ಬಂತು. ಓದುಗರು ಹೆಚ್ಚಿ ಅದೂ ಏದುಸಿರು ಬಿಡತೊಡಗಿದಾಗ ಲೀ ಡೇನಿಯಲ್ ಕ್ರಾಕರ್ ಅದೇ ವರ್ಷದ ಜುಲೈ ಹೊತ್ತಿಗೆ ಮತ್ತೊಮ್ಮೆ ಹೊಸದಾಗಿ ಬರೆದರು. ಇಂದಿನ ಮೀಡಿಯಾವಿಕಿ ಬೆಳೆದದ್ದು ಅಲ್ಲಿಂದ.

ಇಬ್ಬರು ಒಂದೇ ಹೊತ್ತಿನಲ್ಲಿ ಒಂದೇ ಪುಟವನ್ನು ತಿದ್ದುವ ಪ್ರಸಂಗವನ್ನೂ ಇದು ತಕ್ಕ ಮಟ್ಟಿಗೆ ಚೆನ್ನಾಗಿ ನಿಭಾಯಿಸುತ್ತದೆ. ಪುಟಕ್ಕೆ ಬೀಗ ಹಾಕುವುದಿಲ್ಲ. ಇಬ್ಬರೂ ಬೇರೆ ಬೇರೆ ಭಾಗಗಳನ್ನು ಮುಟ್ಟಿದ್ದರೆ ಎರಡನ್ನೂ ತಾನೇ ಕೂಡಿಸುತ್ತದೆ, ಒಂದೇ ಸಾಲನ್ನು ಮುಟ್ಟಿದ್ದರೆ ನಂತರ ಉಳಿಸಹೊರಟವರ ಮುಂದೆ ಎರಡೂ ಪಾಠಗಳನ್ನು ಇಡುತ್ತದೆ. ಹೊಸಬರು ಆ ಪರದೆ ಕಂಡು ಗಾಬರಿಯಾಗುವುದುಂಟು.

ಚರ್ಚೆಯ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಪ್ರತಿ ಪುಟಕ್ಕೂ ಒಂದು ಚರ್ಚಾಪುಟವಿದೆ, ಕನ್ನಡ ವಿಕಿಪೀಡಿಯದಲ್ಲಂತೂ ಎಲ್ಲರೂ ಕೂಡುವ ಜಾಗಕ್ಕೆ ‘ಅರಳಿ ಕಟ್ಟೆ’ ಎಂಬ ಚೆಂದದ ಹೆಸರಿದೆ. ಆದರೆ ಚರ್ಚಾಪುಟವೂ ಮೂಲತಃ ಇನ್ನೊಂದು ಬರಹದ ಪುಟವೇ. ಉತ್ತರದ ಮುಂದೆ ಕೋಲನ್ (:) ಚಿಹ್ನೆ ಇಟ್ಟು ಅದನ್ನು ಒಳಕ್ಕೆ ಸರಿಸಬೇಕು, ಕೊನೆಯಲ್ಲಿ ಸಹಿಯ ಗುರುತನ್ನು ತಾನೇ ಹಾಕಬೇಕು. ಇದನ್ನು ಸುಲಭಗೊಳಿಸುವ ವಿಸ್ತರಣೆಗಳನ್ನು, ಅಂದರೆ ಹೆಚ್ಚುವರಿ ತಂತ್ರಾಂಶದ ತುಣುಕುಗಳನ್ನು, ಬೇರೆಯಾಗಿ ಸಕ್ರಿಯಗೊಳಿಸಿಕೊಳ್ಳಬೇಕಾಗುತ್ತದೆ. ಹೀಗಾಗಿ ನಮ್ಮವರ ವಾದವೆಲ್ಲ ಮೊಬೈಲ್ ಗುಂಪಿನಲ್ಲಿ ನಡೆದು, ತೀರ್ಮಾನ ಮಾತ್ರ ಪುಟಕ್ಕೆ ಬರುತ್ತದೆ. ಪಠ್ಯದ ಚರಿತ್ರೆ ಭದ್ರವಾಗಿರುತ್ತದೆ, ಅದರ ಹಿಂದಿನ ಕಾರಣಗಳು ಯಾರದೋ ಫೋನಿನಲ್ಲಿ ಕಳೆದುಹೋಗುತ್ತವೆ. ತಿದ್ದುಪಡಿಯ ಸಾರಾಂಶದಲ್ಲಿ ಒಂದು ಸಾಲಾದರೂ ಬರೆಯಬೇಕೆಂಬ ನಿಯಮ ಮಾಡಿಕೊಂಡ ಮೇಲೆ ಪರಿಸ್ಥಿತಿ ಅಷ್ಟಿಷ್ಟು ಸುಧಾರಿಸಿದೆ.

ಕನ್ನಡದ ತೊಡಕುಗಳು ಬೇರೆಯೇ ಇವೆ. ತಂತ್ರಾಂಶದೊಡನೆ ಬರುವ ಹುಡುಕಾಟವು ಇಡೀ ಪದವನ್ನಷ್ಟೇ ಹೋಲಿಸುವುದರಿಂದ ‘ಹೊಂಡ’ ಎಂದು ಹುಡುಕಿದವರಿಗೆ ‘ಹೊಂಡದಲ್ಲಿ’, ‘ಹೊಂಡಕ್ಕೆ’ ಎಂದಿರುವ ಪುಟಗಳು ಸಿಗುವುದಿಲ್ಲ. ವಿಭಕ್ತಿ ಪ್ರತ್ಯಯ ಅಂಟಿಕೊಳ್ಳುವ ಭಾಷೆಗೆ ಇದು ದೊಡ್ಡ ಕೊರತೆ. ವಿಕಿಪೀಡಿಯ ಬಳಸುವ ಸಿರಸ್‌ಸರ್ಚ್ ಎಂಬ ಹುಡುಕಾಟದ ವ್ಯವಸ್ಥೆ ಇದಕ್ಕಿಂತ ಮೇಲು, ಆದರೆ ಅದನ್ನು ನಡೆಸಲು ಸಣ್ಣ ಸರ್ವರಿಗೆ ಶಕ್ತಿ ಸಾಲದು. ಪುಟದ ಹೆಸರಿಗೆ 255 ಬೈಟುಗಳ (ಬೈಟು ಎಂದರೆ ಕಂಪ್ಯೂಟರ್ ಸಂಗ್ರಹದ ಅಳತೆ) ಮಿತಿಯಿದೆ. ಕನ್ನಡದ ಪ್ರತಿ ಸಂಕೇತಕ್ಕೂ, ಅಂದರೆ ಅಕ್ಷರಕ್ಕೂ ಗುಣಿತಚಿಹ್ನೆಗೂ ಒತ್ತಿನ ಹಲಂತಕ್ಕೂ, ಮೂರು ಮೂರು ಬೈಟು ಬೇಕಾಗುವುದರಿಂದ ಉದ್ದನೆಯ ಶೀರ್ಷಿಕೆಗಳು ಸುಮಾರು 85 ಸಂಕೇತಗಳಿಗೆ ನಿಂತುಬಿಡುತ್ತವೆ. ಇನ್ನು ಮೊಳಕಾಲ್ಮೂರು, ಮೊಳಕಾಲ್ಮುರು ಎಂಬಂಥ ಎರಡು ರೂಪಗಳಿಗೆ ಒಂದರಿಂದ ಇನ್ನೊಂದಕ್ಕೆ ಪುನರ್ನಿರ್ದೇಶನ ಕೊಟ್ಟರೆ ಸಾಕು.

ಸ್ಥಾಪಿಸುವವರು ಗಮನಿಸಬೇಕಾದ ಇನ್ನೆರಡು ಸಂಗತಿಗಳಿವೆ. ಯಾರು ಬೇಕಾದರೂ ಖಾತೆ ತೆರೆಯುವಂತೆ ಬಿಟ್ಟರೆ ಬೇಡದ ಜಾಹೀರಾತು ತುಂಬುವ ಸ್ವಯಂಚಾಲಿತ ಸ್ಪ್ಯಾಮ್ ಯಂತ್ರಗಳು ಬಹುಬೇಗ ನುಗ್ಗುತ್ತವೆ. ನಾವು ಖಾತೆ ತೆರೆಯುವ ಕೆಲಸವನ್ನು ನಿರ್ವಾಹಕರಿಗೇ ಬಿಟ್ಟಿದ್ದೇವೆ. ಬ್ಯಾಕಪ್ ಎಂದು ಡೇಟಾಬೇಸನ್ನಷ್ಟೇ ಇಳಿಸಿಕೊಂಡರೆ ಬರಹ ಉಳಿಯುತ್ತದೆ, ಛಾಯಾಚಿತ್ರಗಳು ಉಳಿಯುವುದಿಲ್ಲ, ಏಕೆಂದರೆ ಅವು ಡೇಟಾಬೇಸಿನ ಹೊರಗೆ ಬೇರೊಂದು ಫೋಲ್ಡರಿನಲ್ಲಿರುತ್ತವೆ.

ದಾವಣಗೆರೆಯ ಸ್ನೇಹಿತರೊಬ್ಬರು ಅಲ್ಲಿನ ಹತ್ತಿ ಗಿರಣಿಗಳ ಬಗ್ಗೆ ಸ್ಮರಣ ಸಂಚಿಕೆ ತರಲು ಇದನ್ನು ಹಾಕಿಕೊಳ್ಳಲೇ ಎಂದು ಕೇಳಿದ್ದರು. ನಾಲ್ಕೈದು ಜನ ಸೇರಿ ಒಮ್ಮೆ ಬರೆದು ಮುದ್ರಿಸುವ ಕೆಲಸಕ್ಕೆ ಗೂಗಲ್ ಡಾಕ್ಸ್ ಸಾಕು ಎಂದೆ. ವರ್ಷಗಟ್ಟಲೆ ಬೆಳೆಯುವ, ಬರೆಯುವವರು ಬಂದು ಹೋಗುತ್ತಿರುವ ಕೆಲಸಕ್ಕಾದರೆ ಮೀಡಿಯಾವಿಕಿಯನ್ನೇ ಹೇಳುತ್ತೇನೆ. ಹಾಕಿಕೊಳ್ಳುವವರು ಮೂರು ವರ್ಷ ಬೆಂಬಲ ಸಿಗುವ ದೀರ್ಘಾವಧಿ ಆವೃತ್ತಿಯನ್ನು ಆರಿಸಿಕೊಳ್ಳಲಿ. ಉಳಿದವಕ್ಕೆ ಬೆಂಬಲ ಸುಮಾರು ಒಂದೇ ವರ್ಷ.