ಸೆರೆಮನೆಯ ಪದ್ಯಗಳಿಗೆ ಮರಳಿ ದೊರೆತ ಧಾಟಿ

ಮಧ್ಯಯುಗದ ಲ್ಯಾಟಿನ್ ಹಾಡುಗಳೆಂದರೆ ನಮ್ಮ ಕಾಸರಗೋಡಿನ ಕಡೆಯ ಕೇಳುಗರಿಗೆ ಇಗರ್ಜಿಯ ಹಳೆಯ ಪೂಜಾಕ್ರಮ ನೆನಪಾಗಬಹುದು. ಇಲ್ಲವಾದರೆ ಸಿನಿಮಾ, ಜಾಹೀರಾತುಗಳಲ್ಲಿ ಮೊಳಗುವ ಕಾರ್ಲ್ ಓರ್ಫ್‌ನ ‘ಓ ಫೋರ್ಚುನಾ’. ಅದರ ಸಾಹಿತ್ಯ ಹಳೆಯದಾದರೂ ಸಂಗೀತ 1937ರಲ್ಲಿ ಮೊದಲು ಪ್ರದರ್ಶನಗೊಂಡ ಓರ್ಫ್‌ನ ಸ್ವಂತ ರಚನೆ. ಮಧ್ಯಯುಗದ ಸಂಗೀತಕ್ಕೆ ಮೀಸಲಾದ ಸೀಕ್ವೆಂಶಿಯಾ ತಂಡ ಹಾಡಿ, ಗ್ಲೋಸಾ ಸಂಸ್ಥೆ 2018ರಲ್ಲಿ ಹೊರತಂದ ‘ಬೋಯೆಥಿಯಸ್: ಸಾಂಗ್ಸ್ ಆಫ್ ಕನ್ಸೊಲೇಶನ್’ ಎಂಬ ಸಿ.ಡಿ. ಈ ಎರಡೂ ಜಾತಿಗೆ ಸೇರಿದ್ದಲ್ಲ. ಇದರಲ್ಲಿ ಮೇಳಗಾನದ ಅಬ್ಬರವಿಲ್ಲ, ಪೂಜೆಯ ಮಂತ್ರಗಳೂ ಇಲ್ಲ.

ಬೋಯೆಥಿಯಸ್ ರೋಮಿನ ದೊಡ್ಡ ಮನೆತನದವನು. ಥಿಯೊಡೊರಿಕ್ ದೊರೆಯ ಆಸ್ಥಾನದಲ್ಲಿ ಉನ್ನತ ಅಧಿಕಾರದಲ್ಲಿದ್ದು, ರಾಜದ್ರೋಹದ ಆಪಾದನೆಗೆ ಗುರಿಯಾಗಿ, ಸುಮಾರು 524ರಲ್ಲಿ ಮರಣದಂಡನೆಗೆ ಒಳಗಾದವನು. ಸೆರೆಯಲ್ಲಿದ್ದಾಗ ಅವನು ಬರೆದ ‘ತತ್ತ್ವಜ್ಞಾನದ ಸಾಂತ್ವನ’ ಐದು ಭಾಗಗಳ ಕೃತಿ; ಗದ್ಯದ ನಡುನಡುವೆ 39 ಪದ್ಯಗಳು ಬರುವ ಅದರ ರಚನೆಯನ್ನು ಪಂಪನನ್ನು ಓದಿದವರು ಚಂಪುವಿನ ಬಳಗಕ್ಕೆ ಸೇರಿಸಿಯಾರು. ಪದ್ಯಗಳ ಛಂದಸ್ಸೂ ನಮ್ಮ ವೃತ್ತಗಳಂತೆ ಗುರು-ಲಘುಗಳ ಲೆಕ್ಕದಲ್ಲಿಯೇ ನಡೆಯುತ್ತದೆ. ಈ ಪದ್ಯಗಳನ್ನು ಮಧ್ಯಯುಗದ ಯುರೋಪಿನಲ್ಲಿ ಹಾಡುತ್ತಿದ್ದರು ಎಂಬುದಕ್ಕೆ ಹಸ್ತಪ್ರತಿಗಳೇ ಸಾಕ್ಷಿ.

ಆದರೆ ಆ ಸಾಕ್ಷಿ ಅರ್ಧ ಮಾತ್ರ ಹೇಳುತ್ತದೆ. ಅಕ್ಷರಗಳ ಮೇಲೆ ಗೀಚಿದ ‘ನ್ಯೂಮ್’ ಗುರುತುಗಳಿಂದ ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ತಿಳಿಯುತ್ತದೆಯೇ ಹೊರತು ಯಾವ ಸ್ವರದಿಂದ ಯಾವ ಸ್ವರಕ್ಕೆ ಎಂಬುದು ತಿಳಿಯುವುದಿಲ್ಲ. ಈ ಸಿ.ಡಿ.ಗೆ ಮುಖ್ಯ ಆಧಾರವಾದ 11ನೆಯ ಶತಮಾನದ ಹಸ್ತಪ್ರತಿ ಕ್ಯಾಂಟರ್‌ಬರಿಯಲ್ಲಿ ಸಿದ್ಧವಾಗಿ ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅದರ ಒಂದು ಹಾಳೆಯನ್ನು 19ನೆಯ ಶತಮಾನದಲ್ಲಿ ಜರ್ಮನ್ ವಿದ್ವಾಂಸನೊಬ್ಬ ಕತ್ತರಿಸಿ ಕೊಂಡೊಯ್ದಿದ್ದ. ಇತಿಹಾಸಕಾರ್ತಿ ಮಾರ್ಗರೆಟ್ ಗಿಬ್ಸನ್ ಅದನ್ನು ಫ್ರಾಂಕ್‌ಫರ್ಟಿನಲ್ಲಿ ಗುರುತಿಸಿದ ಬಳಿಕ, 1982ರಲ್ಲಿ, ಹಾಳೆ ಕೇಂಬ್ರಿಜ್‌ಗೆ ಮರಳಿತು. ಬೋಯೆಥಿಯಸ್‌ನ ಪದ್ಯಗಳ ಸಂಗೀತದ ಗುರುತುಗಳಿದ್ದುದು ಆ ಹಾಳೆಯಲ್ಲಿಯೇ. ಪುಸ್ತಕಕ್ಕೆ ಬ್ಲೇಡು ಹಾಕುವ ವಿದ್ವಾಂಸರು ಎಲ್ಲ ಊರುಗಳಲ್ಲಿಯೂ ಇದ್ದಾರೆ ಎಂದಾಯಿತು.

ಕೇಂಬ್ರಿಜ್‌ನ ಸಂಗೀತ ವಿದ್ವಾಂಸ ಸ್ಯಾಮ್ ಬ್ಯಾರೆಟ್ ಈ ಗುರುತುಗಳ ಹಿಂದಿರುವ ಧಾಟಿಗಳನ್ನು ವರ್ಷಗಟ್ಟಲೆ ಹುಡುಕಿದರು. ಬರಹದಿಂದ ಸಿಗದ ಭಾಗವನ್ನು ಸೀಕ್ವೆಂಶಿಯಾದ ಬೆಂಜಮಿನ್ ಬ್ಯಾಗ್ಬಿ, ಹನ್ನಾ ಮಾರ್ಟಿ, ನಾರ್ಬರ್ಟ್ ರೋಡೆನ್‌ಕಿರ್ಹೆನ್ ತಮ್ಮ ಗಾಯನ, ವಾದನದ ಅನುಭವದಿಂದ ತುಂಬಿದರು. ‘ಹಾಗಾದರೆ ಇದು ಕಲ್ಪಿತ ಸಂಗೀತವಲ್ಲವೇ’ ಎಂದು ಕೇಳುವವರು ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗವೊಂದರ ಅಚ್ಚಿನ ಪುಸ್ತಕವನ್ನು ಬಿಡಿಸಿ ನೋಡಬೇಕು. ಅಲ್ಲಿ ಪದದ ತಲೆಯಲ್ಲಿರುವುದು ರಾಗ, ತಾಳಗಳ ಹೆಸರು ಮಾತ್ರ, ಸ್ವರಗಳಿಲ್ಲ. ಕುಂಬಳೆ ಸೀಮೆಯ ಭಾಗವತರು ಆ ಪದವನ್ನು ಎತ್ತುವುದು ಗುರುವಿನ ಬಾಯಿಂದ ಕೇಳಿದ ನೆನಪಿನ ಬಲದಿಂದ. ವ್ಯತ್ಯಾಸವೆಂದರೆ ನಮ್ಮಲ್ಲಿ ಆ ಬಾಯಿಪಾಠ ಕಡಿಯಲಿಲ್ಲ, ಅಲ್ಲಿ ಕಡಿಯಿತು. ಕಡಿದ ಎಳೆಯನ್ನು ಮತ್ತೆ ಹೊಸೆಯುವವರಿಗೆ ಊಹೆಯ ನೆರವು ಅನಿವಾರ್ಯ. ಆ ಊಹೆ ಸಾಹಿತ್ಯಕ್ಕೆ ಅಧೀನವಾಗಿಯೇ ನಡೆದಿದೆ ಎಂಬುದು ಈ ಸಿ.ಡಿ.ಯ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ. ಹಾರ್ಪ್ ಮತ್ತು ಕೊಳಲು ಪದ್ಯಕ್ಕೆ ಆವರಣ ಕಟ್ಟಿ ಹಿಂದೆ ಸರಿಯುತ್ತವೆ. ಮಾತಿನ ಓಟವೇ ಲಯವನ್ನು ಹಿಡಿದು ನಡೆಸುತ್ತದೆ.

ಹಿಂದೆ ಹರ್ಷದಿಂದ ಹಾಡು ಕಟ್ಟುತ್ತಿದ್ದವನು ಈಗ ಅಳುತ್ತ ಶೋಕದ ಪದ್ಯ ಹಿಡಿಯಬೇಕಾಗಿದೆ ಎನ್ನುವ ‘ಕಾರ್ಮಿನಾ ಕ್ವಿ ಕ್ವೊಂಡಮ್’ ಗ್ರಂಥದ ಮೊದಲ ಪದ್ಯ. ಅದನ್ನು ಗೋಳಾಟವಾಗಿಸದೆ ಮೆಲುದನಿಯ ನಿವೇದನೆಯಾಗಿ ಹಾಡಿರುವುದು ಸರಿಯಾದ ತೀರ್ಮಾನ. ನನಗೆ ಹೆಚ್ಚು ಹಿಡಿಸಿದ್ದು ‘ಬೆಲ್ಲಾ ಬಿಸ್ ಕ್ವಿನಿಸ್’. ಟ್ರಾಯ್‌ನ ಹತ್ತು ವರ್ಷಗಳ ಯುದ್ಧ, ಒಕ್ಕಣ್ಣ ದೈತ್ಯನೊಡನೆ ಯುಲಿಸಿಸ್‌ನ ಸೆಣಸಾಟ, ಹರ್ಕ್ಯುಲಿಸ್‌ನ ಸಾಹಸಗಳು ಇಷ್ಟನ್ನೂ ಒಂದೇ ಪದ್ಯದಲ್ಲಿ ಓಡಿಸುವ ಈ ಹಾಡಿಗೆ ಕತೆ ಹೇಳುವ ಗಂಟಲೇ ಬೇಕು. ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯವನ್ನು ಒಬ್ಬರೇ ಹಾರ್ಪ್ ನುಡಿಸುತ್ತ ಪ್ರದರ್ಶಿಸಿ ಹೆಸರು ಪಡೆದ ಬ್ಯಾಗ್ಬಿಯವರ ಪಳಗಿದ ರೀತಿ ಇಡೀ ಸಿ.ಡಿ.ಗೆ ಒದಗಿದೆ.

ಕೊರತೆಯೂ ಇದೆ. ಒಂದೇ ಕೂರಿಕೆಯಲ್ಲಿ ಕೇಳಿದರೆ ಹಾರ್ಪಿನ ನಾದ ಅಲ್ಲಲ್ಲಿ ಏಕತಾನವೆನಿಸುತ್ತದೆ. ಚೆಂಡೆ, ಮದ್ದಳೆಗಳ ಏರುಗತಿಗೆ ಒಗ್ಗಿದ ಕಿವಿಗೆ ಇದು ಇನ್ನೂ ಬೇಗ ತಿಳಿಯುತ್ತದೆ. ಅರ್ಥ ಗೊತ್ತಿಲ್ಲದೆ ಕೇಳಿದರೆ ಅರ್ಧ ರಸ ಸೋರಿಹೋಗುತ್ತದೆ. ಮೊಬೈಲಿನಲ್ಲಿ ಕೇಳುವವರು ಗ್ರಂಥದ ಇಂಗ್ಲಿಷ್ ಅನುವಾದವೊಂದನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ಅನುವಾದಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತವೆ. ಇನ್ನೊಂದು ಮಾತು: ಧ್ವನಿಮುದ್ರಣದ ಮೆಲ್ಲನೆಯ ಭಾಗಗಳು ನಿಜಕ್ಕೂ ಬಹಳ ಮೆಲ್ಲನೆಯವು. ಆಟಿ ತಿಂಗಳಲ್ಲಿ ಹೆಂಚಿನ ಮೇಲೆ ಮಳೆ ಹೊಡೆಯುವಾಗ ಸಾಧಾರಣ ಸ್ಪೀಕರಿನಲ್ಲಿ ಹಾಕಿದರೆ ಏನೂ ಕೇಳಿಸದು. ಹೆಡ್‌ಫೋನ್ ಬಳಸಬೇಕು, ಮೊದಲ ಸಲ ಮೂರು ನಾಲ್ಕು ಹಾಡುಗಳಿಗೆ ನಿಲ್ಲಿಸಬೇಕು.