ಫೋಟೋ ನೋಡಿ ಬೆಲ್ಲಿ ಡ್ಯಾನ್ಸ್ ಡ್ರೆಸ್ ತರಿಸುವ ಮುಂಚೆ ಇದನ್ನು ಓದಿ

ಕಳೆದ ತಿಂಗಳು ಬೆಂಗಳೂರಿನಲ್ಲಿ ನಮ್ಮ ಡ್ಯಾನ್ಸ್ ಕ್ಲಾಸಿನ ಕಾರ್ಯಕ್ರಮ ಇತ್ತು. ಎರಡು ವರ್ಷ ಬೆಲ್ಲಿ ಡ್ಯಾನ್ಸ್ ಕಲಿತ ಮೇಲೆ ನನಗೆ ಮೊದಲ ವೇದಿಕೆ. ಡ್ರೆಸ್ಸನ್ನು ಆನ್‌ಲೈನ್‌ನಲ್ಲಿ ತರಿಸಿದೆ, 5,200 ರೂಪಾಯಿ. ಆ ಡ್ರೆಸ್ಸಿನ ದೆಸೆಯಿಂದ ನನ್ನ ಹಿಂದೆ ಕುಣಿಯುತ್ತಿದ್ದ ಹುಡುಗಿ ಬಿದ್ದು ಕಾಲು ಉಳುಕಿಸಿಕೊಂಡಳು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ತರಿಸಿದ್ದು ಬೆದ್ಲಾ. ಅಂದರೆ ಚಮಕಿ, ಮಣಿಕುಚ್ಚು ಇರುವ ಮೇಲುಡುಪು, ಅದಕ್ಕೆ ಹೊಂದುವ ಸೊಂಟಪಟ್ಟಿ, ಉದ್ದ ಲಂಗ. ಅರಬ್ಬಿಯಲ್ಲಿ ಬೆದ್ಲಾ ಅಂದರೆ ಸೂಟು ಅಂತಷ್ಟೇ. 1920ರ ದಶಕದಲ್ಲಿ ನರ್ತಕಿ ಬದಿಯಾ ಮಸಾಬ್ನಿ ಕೈರೋದಲ್ಲಿ ತಮ್ಮ ಕ್ಲಬ್ ತೆರೆದ ಮೇಲೆ ಈ ನೃತ್ಯ ದೊಡ್ಡ ವೇದಿಕೆಗೆ ಬಂತು, ಈ ಉಡುಪೂ ಆ ಕಾಲದಲ್ಲೇ ಬೆಳೆಯಿತು. ಕುಚ್ಚು ಇದ್ದರೆ ಸೊಂಟದ ಸಣ್ಣ ಅಲುಗಾಟವೂ ಹಿಂದಿನ ಸಾಲಿನವರಿಗೆ ಕಾಣುತ್ತದೆ. ಆದರೆ ಶಿಮ್ಮಿ, ಅಂದರೆ ಸೊಂಟವನ್ನು ಬೇಗ ಬೇಗ ನಡುಗಿಸುವುದು, ಮಾಡುವಾಗ ಅದೇ ಕುಚ್ಚು ಹೊಲಿಗೆಯನ್ನು ಒಂದೇ ಸಮ ಎಳೆಯುತ್ತಿರುತ್ತದೆ.

ಫೋಟೋದಲ್ಲಿ ಗಾಜಿನ ಮಣಿ ಇತ್ತು, ಬಂದಿದ್ದು ಪ್ಲಾಸ್ಟಿಕ್. ಅದನ್ನೂ ಒಪ್ಪಿಕೊಂಡೆ. ಕನ್ನಡಿ ಮುಂದೆ ಎರಡು ಸುತ್ತು ತಿರುಗಿ, ಚೆನ್ನಾಗಿದೆ ಅನ್ನಿಸಿ ಮಡಿಸಿಟ್ಟೆ. ಅದನ್ನು ಹಾಕಿಕೊಂಡು ಒಂದು ಸಲವೂ ಪೂರ್ತಿ ಕುಣಿದು ನೋಡಲಿಲ್ಲ. ಅದು ನನ್ನದೇ ತಪ್ಪು.

ಕೊನೆಯದು ಡ್ರಮ್ ಸೋಲೋ, ಬರೀ ಡ್ರಮ್ಮಿನ ತಾಳಕ್ಕೆ ಕುಣಿಯುವುದು. ಆರು ಜನ, ಎಲ್ಲರೂ ಬರಿಗಾಲು. ಕೈ ಕೆಳಗಿಳಿಸಿ ಬಲಕ್ಕೆ ಹಿಪ್ ಡ್ರಾಪ್ (ಸೊಂಟದ ಒಂದು ಬದಿಯನ್ನು ಥಟ್ಟನೆ ಕೆಳಗಿಳಿಸುವುದು) ಮಾಡಿದಾಗ ಕೈಪಟ್ಟಿಯ ಚೂಪು ಅಂಚಿಗೆ ಸೊಂಟಪಟ್ಟಿಯ ಒಂದು ಎಳೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಕೈ ಎಳೆದೆ, ಅಷ್ಟೇ. ಒಂದು ಕುಚ್ಚು ಹೋಗಿದ್ದರೆ ಗೊತ್ತೂ ಆಗುತ್ತಿರಲಿಲ್ಲ. ಎಡದಿಂದ ಬಲದವರೆಗೆ ಇಡೀ ಸಾಲು ಚರ್ರನೆ ಬಿಚ್ಚಿಕೊಂಡು, ಮರದ ನೆಲದ ಮೇಲೆ ಬೆಳ್ಳಿ ಬಣ್ಣದ ಮಣಿ ಸಾಸಿವೆ ಚೆಲ್ಲಿದ ಹಾಗೆ ಹರಡಿತು. ಹಿಂದಿದ್ದವಳು ಆಗ ತಾನೇ ಸುತ್ತು ತಿರುಗುತ್ತಿದ್ದಳು. ಮಣಿ ಮೇಲೆ ಕಾಲಿಟ್ಟು ಜಾರಿದಳು. ಮೂರು ವಾರ ಪಟ್ಟಿ ಕಟ್ಟಿಕೊಂಡೇ ಇದ್ದಳು ಪಾಪ.

ಯಾಕೆ ಹೀಗಾಯಿತು ಅಂತ ಗೊತ್ತಾಗಿದ್ದು ನಮ್ಮ ಪಕ್ಕದ ಮನೆ ಆಂಟಿಯಿಂದ. ಅವರು ಸೀರೆಗೆ ಕುಚ್ಚು ಕಟ್ಟಿಕೊಡುತ್ತಾರೆ. ಸೊಂಟಪಟ್ಟಿಯನ್ನು ಮಗುಚಿ ನೋಡಿದವರೇ, "ಇದು ಮೂಟೆ ಹೊಲಿಗೆ ಕಣೇ. ಅಕ್ಕಿ ಮೂಟೆ ಬಾಯಿ ಬಿಚ್ಚೋದು ನೋಡಿಲ್ವಾ, ಸರಿಯಾದ ದಾರ ಸಿಕ್ರೆ ಒಂದೇ ಎಳೆತಕ್ಕೆ ಪೂರ್ತಿ ಬಂದ್ಬಿಡುತ್ತೆ. ಸೀರೆ ಕುಚ್ಚು ಒಂದು ಹೋದ್ರೆ ಒಂದೇ ಹೋಗುತ್ತೆ, ಒಂದೊಂದಕ್ಕೂ ಬೇರೆ ಗಂಟಿರುತ್ತೆ" ಅಂದರು.

ನೀವು ಮೊದಲು ನೋಡಬೇಕಾದ್ದು ಇದನ್ನೇ. ಡ್ರೆಸ್ ಕೈಗೆ ಬಂದ ತಕ್ಷಣ ಒಳಮೈ ಮಗುಚಿ. ಸರಪಳಿ ಹಾಗೆ ಒಂದರೊಳಗೊಂದು ಸೇರಿದ ಹೊಲಿಗೆ ಕಂಡರೆ, ಒಂದು ಕುಚ್ಚು ಬಿಟ್ಟಲ್ಲಿಂದ ಎಲ್ಲವೂ ಬಿಡುತ್ತವೆ. ವಾಪಸ್ ಕಳಿಸಿ. ಕಳಿಸಲು ಆಗದಿದ್ದರೆ ಪ್ರತಿ ಕುಚ್ಚಿನ ಬುಡಕ್ಕೆ ಗಟ್ಟಿ ನೈಲಾನ್ ದಾರದಲ್ಲಿ ಬೇರೆ ಬೇರೆ ಗಂಟು ಹಾಕಿಸಿ. ಆಂಟಿ ನನ್ನ ಪಟ್ಟಿಗೆ ಚಿಕ್ಕಪೇಟೆಯಿಂದ ಹೊಸ ಮಣಿ ತಂದು ಹಾಗೆ ಕಟ್ಟಿಕೊಟ್ಟರು, ನಾಲ್ಕು ದಿನದ ಕೆಲಸ. ಮೇಲುಡುಪಿನ ಹಿಂದೆ ಒಂದೇ ಹುಕ್ಕು ಇತ್ತು. ಅದನ್ನು ಮೂರು ಮಾಡಿಸಿದೆ. ಇದ್ದರೂ ವೇದಿಕೆ ಹತ್ತುವ ಮುಂಚೆ ಸೇಫ್ಟಿ ಪಿನ್ ಹಾಕಿಕೊಳ್ಳಿ. ಕೈಪಟ್ಟಿ, ಉಂಗುರ, ನೇತಾಡುವ ಓಲೆ ಇವುಗಳ ಅಂಚನ್ನು ಹಳೇ ಸೀರೆ ಮೇಲೆ ಉಜ್ಜಿ ನೋಡಿ. ಎಳೆ ಕಿತ್ತರೆ ಬೇಡವೇ ಬೇಡ.

ಲಂಗ ನೆಲ ಮುಟ್ಟಬಾರದು, ಎರಡು ಬೆರಳಷ್ಟು ಮೇಲಿರಲಿ. ಬರಿಗಾಲಲ್ಲಿ ಅಳತೆ ತೆಗೆಸಿ.

ಆ ಸೆಟ್ ಜೊತೆ ಸಗಾತ್ ಕೊಟ್ಟಿದ್ದರು, ಬೆರಳಿಗೆ ಹಾಕಿಕೊಳ್ಳುವ ಪುಟ್ಟ ತಾಳ. ಹಿತ್ತಾಳೆ ಅಂದಿದ್ದರು, ತಗಡು ಬಂತು. ನಡುವೆ ಒಂದೇ ತೂತು, ಅದರಲ್ಲಿ ಸಡಿಲ ಎಲಾಸ್ಟಿಕ್. ಹೆಬ್ಬೆರಳು, ನಡುಬೆರಳಿಗೆ ಉಗುರಿನ ಬುಡದ ಹತ್ತಿರ ಬಿಗಿಯಾಗಿ ಕೂರಬೇಕು ಇದು. ಎರಡು ಸೀಳಿನದು ಸಿಕ್ಕರೆ ಅದನ್ನೇ ತಗೊಳ್ಳಿ, ಅಲ್ಲಾಡುವುದಿಲ್ಲ. ಕುಣಿಯುವಾಗ ಕೈಯಲ್ಲಿ ಹಿಡಿದು ಬೀಸುವ ವೇಲ್ ಕೂಡ ಪಾಲಿಯೆಸ್ಟರ್, ಮೈಗೆ ಅಂಟಿಕೊಳ್ಳುತ್ತಿತ್ತು. ಗಾಳಿಯಲ್ಲಿ ತೇಲಲು ತೆಳ್ಳಗಿನ ರೇಷ್ಮೆಯೇ ಬೇಕು, ಸುಮಾರು ಎರಡು ಮುಕ್ಕಾಲು ಮೀಟರ್. ಅಮ್ಮನ ಹಳೇ ಮೈಸೂರು ಸಿಲ್ಕ್ ಕತ್ತರಿಸಿದರೆ ಆಗಲ್ವಾ ಅಂತ ಒಬ್ಬರು ಕೇಳಿದರು. ದಯವಿಟ್ಟು ಕತ್ತರಿಸಬೇಡಿ! ಅದು ಕ್ರೇಪ್, ತೂಕದ ಬಟ್ಟೆ, ಚೆನ್ನಾಗಿ ಇಳಿಬೀಳುತ್ತದೆ, ತೇಲುವುದಿಲ್ಲ.

ಇನ್ನೊಂದು. "ಎಲ್ಲ ಈಜಿಪ್ಟ್ ನೃತ್ಯಕ್ಕೂ ಆಗುತ್ತೆ" ಅಂತ ಅಂಗಡಿಯವರು ಬರೆದಿದ್ದನ್ನು ನಂಬಿ ಸಯೀದಿ ಹಾಡಿಗೂ ಇದನ್ನೇ ಹಾಕಿಕೊಳ್ಳಲು ಹೊರಟಿದ್ದೆ. ಮ್ಯಾಮ್ ತಡೆದರು. ಸಯೀದಿ ದಕ್ಷಿಣ ಈಜಿಪ್ಟಿನ ಹಳ್ಳಿ ಕಡೆಯದು. ಅಲ್ಲಿಯ ಗಂಡಸರ ಕೋಲಾಟ ತಹ್ತೀಬ್ 2016ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಹೆಂಗಸರು ಕೋಲು ಹಿಡಿದು ಕುಣಿಯುವಾಗ ಮೈತುಂಬ ಉದ್ದ ನಿಲುವಂಗಿ ಹಾಕಿ ಸೊಂಟಕ್ಕೆ ವಸ್ತ್ರ ಕಟ್ಟುತ್ತಾರೆ. ಅವರ ಊರಿನ ಕುಣಿತವನ್ನು ಅವರ ಉಡುಪಲ್ಲೇ ಕುಣಿಯಬೇಕು, ಅಲ್ವಾ? ಮೊದಲು ಹಾಡು ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಡ್ರೆಸ್.

ಮಾರಿದವರಿಗೆ ಹರಿದ ಪಟ್ಟಿಯ ಫೋಟೋ ಕಳಿಸಿದೆ. "ಬಳಸಿದ ಬಟ್ಟೆ ವಾಪಸ್ ಇಲ್ಲ" ಅಂದರು. ಗೆಳತಿ ಬಿದ್ದಿದ್ದನ್ನು ಹೇಳಿದ ಮೇಲೆ ಉತ್ತರವೇ ಬರಲಿಲ್ಲ. ನೇರಳೆ ಲಂಗ, ಬೆಳ್ಳಿ ಕುಚ್ಚು, ಹಿಂದೆ ಕೆಂಪು ಪರದೆ, ಆ ಫೋಟೋ ಇನ್ನೂ ಓಡಾಡುತ್ತಿದೆ. ಕಂಡರೆ ಆರ್ಡರ್ ಮಾಡಬೇಡಿ. ಆಗಲೇ ಮಾಡಿದ್ದರೆ ಇವತ್ತೇ ಒಳಮೈ ಮಗುಚಿ ನೋಡಿ.