ಆಫೀಸಿಗೊಂದು, ಮನಿಗೊಂದು: ಪಾಸ್‌ವರ್ಡ್ ಮ್ಯಾನೇಜರ್ ಅಕೌಂಟ್ ಒಂದ ಸಾಕಾ, ಎರಡು ಬೇಕಾ?

ಗಂಗಾವತಿ ರೈಸ್ ಮಿಲ್ ಆಫೀಸಿನ್ಯಾಗ ಲೆಕ್ಕ ನೋಡ್ತೀನಿ, ಜಿಎಸ್‌ಟಿ, ಇ-ವೇ ಬಿಲ್ ಪಾಸ್‌ವರ್ಡ್ ಒಂದ್ ಕಡೆ, ಮನಿ ಗೆಸ್ಕಾಂ ಕರೆಂಟ್ ಬಿಲ್ಲು, ಅವ್ವನ ಬ್ಯಾಂಕು ಇನ್ನೊಂದ್ ಕಡೆ.

ಪಾಸ್‌ವರ್ಡ್ ಮ್ಯಾನೇಜರ್ ಅಂದ್ರ ಎಲ್ಲಾ ಪಾಸ್‌ವರ್ಡ್ ಕಾಯ್ದಿಡೋ ಆ್ಯಪ್. ಎಲ್ಲಾ ಒಂದ ಅಕೌಂಟಿನ್ಯಾಗ ಇಟ್ರ ಆರಾಮ ಖರೆ, ಅದನ್ನ ತೆಗಿಯೋ ಒಂದ ಮಾಸ್ಟರ್ ಪಾಸ್‌ವರ್ಡ್ ನೆನಪಿಟ್ರ ಮುಗೀತು. ಆದ್ರ ಅದು ಕಂಪನಿ ಕೊಟ್ಟ ಅಕೌಂಟ್ ಆಗಿದ್ರ ಬ್ಯಾಡ್ರಿ. ಹಿಂದಿನ ಕೆಲ್ಸ ಬಿಟ್ಟ ದಿನಾನ ನನ್ನ ಲಾಗಿನ್ ಬಂದ್ ಆತು, ಅದ್ರಾಗಿದ್ದ ಅವ್ವನ ಪಾಸ್‌ವರ್ಡೂ ಹೋತು, ಪಾಸ್‌ಬುಕ್ ಹಿಡ್ಕೊಂಡು ಆಕಿ ಬ್ಯಾಂಕಿನ ಪಾಳಿಯಾಗ ನಿಂತಿದ್ದು ಇನ್ನೂ ಕಣ್ಣಾಗ ಐತಿ.

ಬೇರೆ ಬೇರೆ ಇಟ್ರ ಆ ಭಯ ಇಲ್ಲ. ಬಿಟ್‌ವಾರ್ಡನ್ ಅನ್ನೋ ಮ್ಯಾನೇಜರ್‌ದಾಗ 5 ಅಕೌಂಟ್ ತನಕ ಲಾಗಿನ್ ಆಗಿರಬಹುದು, ಪುಕ್ಕಟೆ ಪ್ಲಾನೂ ಐತಿ, ಫ್ಯಾಮಿಲಿ ಪ್ಲಾನಿಗೆ 6 ಮಂದಿ, ಆದ್ರ ಒಮ್ಮೆಗೆ ಒಂದ ಅಕೌಂಟ್ ಕಾಣ್ತೈತಿ, ಆಫೀಸಿಂದು ಮನೀದ್ರಾಗ ಸೇವ್ ಆಗದಂಗ ನೋಡ್ಕೋಬೇಕು. ಒನ್‌ಪಾಸ್‌ವರ್ಡ್ ಅನ್ನೋ ಇನ್ನೊಂದು ಮ್ಯಾನೇಜರ್‌ದಾಗ ಎರಡೂ ಅಕೌಂಟ್ ಒಟ್ಟಿಗೆ ಕಾಣ್ತಾವು, ಕಂಪನಿ ಬಿಸಿನೆಸ್ ಪ್ಲಾನ್ ತಗೊಂಡಿದ್ರ ನೌಕರರಿಗೆ ಫ್ಯಾಮಿಲಿ ಅಕೌಂಟ್ ಫ್ರೀ, ಇಲ್ಲಂದ್ರ ರೊಕ್ಕ ಕಟ್ಟಬೇಕು.

ನಾನಂತೂ ಎರಡು ಇಟ್ಟೀನಿ, ಮಾಸ್ಟರ್ ಪಾಸ್‌ವರ್ಡೂ ಬೇರೆ ಬೇರೆ, ಮನೀದು ಚೀಟಿ ಮ್ಯಾಲ ಬರ್ದು ಅವ್ವನ ಟ್ರಂಕಿನ್ಯಾಗ ಇಟ್ಟೀನಿ.